ಟ್ರಿನಿಡಾಡಿನಲ್ಲಿ ಹೊರಗೆ ಊಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆರಿಬಿಯನ್ ಸಮುದ್ರದ ದಕ್ಷಿಣ ಅಂಚಿನಲ್ಲಿ, ವೆನೆಜುವೆಲಾದ ಕರಾವಳಿಗೆ ತೀರ ಸಮೀಪದಲ್ಲಿರುವ ಟ್ರಿನಿಡಾಡ್ ದ್ವೀಪಕ್ಕೆ ಕೆಲಸದ ಮೇಲೆ ಹೋಗುವವರು, ಕ್ರಿಕೆಟ್ ನೋಡಲು ಹೋಗುವವರು ಮತ್ತು ಹೋಗಿ ಬಂದವರು ಅಲ್ಲಿನ ಊಟ ತಿಂಡಿಯ ಬಗ್ಗೆ ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಪತಿಗೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಕೆಲವು ತಿಂಗಳ ಕೆಲಸವಿದೆ. ನಾನು ಮತ್ತು ಅತ್ತೆಯವರು ಜೊತೆಗೆ ಹೋಗುತ್ತೇವೆ. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಜನ ತಿನ್ನುವ ಸಾಮಾನ್ಯ ಹೋಟೆಲುಗಳಲ್ಲಿ ನಮಗೆ ಊಟ ಸಿಕ್ಕೀತೇ?

ಉತ್ತರ: ಧಾರಾಳವಾಗಿ ಸಿಗುತ್ತದೆ. ಟ್ರಿನಿಡಾಡ್ ಮತ್ತು ಟೊಬೆಗೊ ದೇಶದ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಭಾರತೀಯ ಮೂಲದವರು. ಅವರಲ್ಲಿ ಮಾಂಸ ತಿನ್ನುವ ಹಿಂದೂ ಕುಟುಂಬಗಳೂ ಪೂಜೆಗೆ ಮುಂಚಿನ ದಿನಗಳಲ್ಲಿ ಮತ್ತು ವ್ರತದ ದಿನಗಳಲ್ಲಿ ಮಾಂಸ ಬಿಡುವುದರಿಂದ, ಕಾಳು ಮತ್ತು ತರಕಾರಿಯ ಅಡುಗೆ ಅಲ್ಲಿ ದಿನನಿತ್ಯದ ಊಟದ ಭಾಗವಾಗಿಯೇ ಉಳಿದಿದೆ. ನೀವು ಮೊದಲು ಹುಡುಕಬೇಕಾದದ್ದು ರೊಟ್ಟಿ ಅಂಗಡಿಗಳನ್ನು. ಗಾಜಿನ ಹಿಂದೆ ಸಾಲಾಗಿ ಇಟ್ಟಿರುವ ಪಾತ್ರೆಗಳಲ್ಲಿ ಕಡಲೆಕಾಳು ಮತ್ತು ಆಲೂಗಡ್ಡೆಯ ಕರಿ, ಕುಂಬಳಕಾಯಿ, ಬೋಡಿ ಎಂದು ಕರೆಯುವ ಅಲಸಂದೆಕಾಯಿ, ಭಾಜಿ ಎನ್ನುವ ಸೊಪ್ಪಿನ ಪಲ್ಯ, ಮಾವಿನಕಾಯಿಯ ಮಸಾಲೆ, ಹಲಸಿನ ಜಾತಿಗೇ ಸೇರಿದ ಶಟೈನ್ ಕಾಯಿಯ ಕರಿ ಇರುತ್ತವೆ; ಯಾವುದು ಬೇಕೆಂದು ಬೆರಳು ತೋರಿಸಿದರೆ ಸಾಕು. ಜೊತೆಗೆ ಎರಡು ಬಗೆಯ ರೊಟ್ಟಿ ಇರುತ್ತದೆ. ಒಂದು, ಬೇಯಿಸಿ ಪುಡಿ ಮಾಡಿದ ಹಳದಿ ಬಟಾಣಿ ಬೇಳೆಯನ್ನು ಜೀರಿಗೆ ಬೆಳ್ಳುಳ್ಳಿಯೊಡನೆ ಒಳಗೆ ತುಂಬಿ ತೆಳ್ಳಗೆ ಲಟ್ಟಿಸಿದ ಧಾಲ್‌ಪೂರಿ. ಇನ್ನೊಂದು, ದೊಡ್ಡ ತವೆಯ ಮೇಲೆ ಬೇಯುತ್ತಿರುವಾಗಲೇ ಮರದ ಪಟ್ಟಿಗಳಿಂದ ಬಡಿದು ಪದರ ಪದರವಾಗಿ ಹರಿದು ಕೊಡುವ ಪರಾಟ. ಅಂಗಡಿಯಲ್ಲಿ ಅದನ್ನು ಬಸ್-ಅಪ್-ಶಟ್ ಎಂದು ಕೇಳಬೇಕು. ಕೈಯಲ್ಲಿ ಹಿಡಿದು ತಿನ್ನುವುದಾದರೆ ಧಾಲ್‌ಪೂರಿಯಲ್ಲಿ ಕರಿಯನ್ನು ಸುತ್ತಿಸಿಕೊಳ್ಳಿ, ಕುಳಿತು ತಿನ್ನುವುದಾದರೆ ಪರಾಟ ಒಳ್ಳೆಯದು.

ಅತ್ತೆಯವರಿಗೆ ನಾನು ಹೇಳುವುದು ಬೆಳಗಿನ ಸಾದಾ ರೊಟ್ಟಿ ಮತ್ತು ಚೋಖಾ. ಬದನೆಕಾಯಿಯನ್ನು ಬೆಂಕಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು ಹಿಸುಕಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮೇಲೆ ಸುರಿದು ಕಲಸುತ್ತಾರೆ. ಟೊಮೇಟೊವನ್ನೂ ಹೀಗೆಯೇ ಮಾಡುತ್ತಾರೆ. ಮೆತ್ತಗಿರುತ್ತದೆ, ಹೊಟ್ಟೆಗೆ ಭಾರವಲ್ಲ, ಖಾರ ಬೇಡವೆಂದರೆ ಹಾಕುವುದಿಲ್ಲ. ವಯಸ್ಸಾದವರಿಗೆ ಪರದೇಶದಲ್ಲಿ ಇಷ್ಟು ಹಿತವಾದ ಉಪಾಹಾರ ಸಿಗುವುದು ಅಪರೂಪ.

ಆದರೆ ಎಚ್ಚರವೂ ಬೇಕು. ಮಾಂಸವಿದೆಯೇ ಎಂದು ಮಾತ್ರ ಕೇಳಿದರೆ ಸಾಲದು. ಕೆಸುವಿನ ಎಲೆ, ಬೆಂಡೆಕಾಯಿ ಮತ್ತು ತೆಂಗಿನ ಹಾಲಿನಿಂದ ಮಾಡುವ ಕಲಾಲೂ ನೋಡಲು ಅಪ್ಪಟ ಸೊಪ್ಪಿನ ಸಾರು, ಆದರೆ ಅದರಲ್ಲಿ ಏಡಿಯನ್ನೋ ಉಪ್ಪು ಹಾಕಿಟ್ಟ ಹಂದಿಬಾಲವನ್ನೋ ಬೇಯಿಸುವ ರೂಢಿ ವ್ಯಾಪಕವಾಗಿದೆ. ಹುರುಳಿಕಾಯಿ ಜಾತಿಯ ಕೆಂಪು ಕಾಳಿನ ಗೊಜ್ಜಿಗೂ ಹಂದಿಬಾಲ ಸೇರುವುದುಂಟು, ಸೊಪ್ಪಿನ ಭಾಜಿಗೆ ಒಣ ಉಪ್ಪುಮೀನು ಬೀಳುವುದುಂಟು, ಮ್ಯಾಕರೋನಿ ಪೈ ಎಂಬ ತಿನಿಸಿಗೆ ಮೊಟ್ಟೆ ಹಾಕುತ್ತಾರೆ. ಪೆಲಾವ್ ಎಂಬ ಹೆಸರು ಕೇಳಿ ತರಕಾರಿ ಪಲಾವ್ ಎಂದುಕೊಳ್ಳಬೇಡಿ. ಅದು ಸಕ್ಕರೆಯನ್ನು ಕಂದಿಸಿ ಅದರಲ್ಲಿ ಕೋಳಿಯನ್ನು ಹುರಿದು ಅಕ್ಕಿಯೊಂದಿಗೆ ಬೇಯಿಸಿದ್ದು. ಹಾಗಾಗಿ ಏಡಿ, ಉಪ್ಪುಮೀನು, ಹಂದಿಬಾಲ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ, ಯಾರೂ ಬೇಸರಿಸುವುದಿಲ್ಲ. ಸೌಟು ಬೇರೆಯಾಗಿರಬೇಕೆಂಬ ನಿಯಮ ನಿಮ್ಮ ಮನೆಯಲ್ಲಿದ್ದರೆ ಮಧ್ಯಾಹ್ನದ ನೂಕುನುಗ್ಗಲು ಶುರುವಾಗುವ ಮೊದಲೇ, ಹನ್ನೊಂದು ಗಂಟೆಯ ಸುಮಾರಿಗೆ ಹೋಗಿ ಹೇಳಿಕೊಳ್ಳಿ. ರಾಸ್ತಫಾರಿ ಪಂಥದವರು ನಡೆಸುವ ಐಟಲ್ ಊಟದ ಅಂಗಡಿಗಳೂ ರಾಜಧಾನಿಯಲ್ಲಿವೆ. ಅಲ್ಲಿ ಮಾಂಸದ ಅಡುಗೆ ಇರುವುದಿಲ್ಲ, ಉಪ್ಪು ಮಾತ್ರ ಕಡಿಮೆ ಎನಿಸಬಹುದು.

ಪ್ರಶ್ನೆ: ಕಳೆದ ವರ್ಷ ಚಗ್ವಾನಸ್ ಊರಿನಲ್ಲಿ ಕರಿ ಮತ್ತು ರೊಟ್ಟಿ ತಿಂದೆ. ಭಾರತೀಯ ಅಡುಗೆ ಎಂದು ಹೇಳಿದರೂ ರುಚಿ ನಮ್ಮ ಯಾವ ಪ್ರಾಂತ್ಯದ್ದೂ ಆಗಿರಲಿಲ್ಲ. ಅಲ್ಲಿನವರು ಮೂಲ ಅಡುಗೆಯನ್ನು ಮರೆತುಬಿಟ್ಟಿದ್ದಾರೆಯೇ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕೆನಿಸುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ಭಾರತೀಯರಲ್ಲಿ ಅನೇಕರು ಇದೇ ಅಳತೆಗೋಲನ್ನು ಹಿಡಿದು ಒಳ್ಳೆಯ ಊಟದ ಮುಂದೆ ನಿರಾಶರಾಗಿ ಏಳುತ್ತಾರೆ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದಾಗ ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಜನರನ್ನು ಸಾಗಿಸಿದರು. ಫಾತೆಲ್ ರಜಾಕ್ ಎಂಬ ಹಡಗು 1845ರ ಮೇ 30ರಂದು ಮೊದಲ ತಂಡವನ್ನು ಟ್ರಿನಿಡಾಡಿಗೆ ತಂದಿಳಿಸಿತು. 1917ರಲ್ಲಿ ಈ ಸಾಗಾಣಿಕೆ ನಿಲ್ಲುವ ಹೊತ್ತಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಅವರಲ್ಲಿ ಬಹುಪಾಲು ಮಂದಿ ಇಂದಿನ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಹಳ್ಳಿಗಳವರು, ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದ್ರಾಸಿನಿಂದ ಬಂದವರು ಕಡಿಮೆ. ಚೋಖಾ, ಸಾದಾ ರೊಟ್ಟಿ, ಫುಲೋರಿ ಎಂಬ ಹೆಸರುಗಳೆಲ್ಲ ಆ ಭೋಜ್‌ಪುರಿ ಮನೆಗಳಿಂದ ಬಂದವು. ನಾವು ದಕ್ಷಿಣದವರು ಅಲ್ಲಿ ಹುಣಿಸೆ ಮತ್ತು ಸಾಸಿವೆ ಒಗ್ಗರಣೆಯ ಸಾರನ್ನು ಹುಡುಕಿದರೆ ಸಿಗದಿರುವುದು ಸಹಜ.

ಮುಂದೆ ಆದದ್ದು ಇನ್ನೂ ಗಮನಿಸಬೇಕಾದ ಸಂಗತಿ. ಊರಿನ ಸಾಮಗ್ರಿಗಳೆಲ್ಲ ಸಿಗದ ಕಡೆ ಆ ಹೆಂಗಸರು ಸಿಕ್ಕಿದ್ದರಲ್ಲಿ ಅಡುಗೆ ಕಟ್ಟಿದರು. ತೊಗರಿಯ ಜಾಗದಲ್ಲಿ ಹಳದಿ ಬಟಾಣಿ ಬೇಳೆ ಬಂತು. ಕೊತ್ತಂಬರಿ ಸೊಪ್ಪಿನ ಜಾಗದಲ್ಲಿ, ಅದೇ ವಾಸನೆಯನ್ನು ಇನ್ನಷ್ಟು ಗಾಢವಾಗಿ ಬೀರುವ, ಉದ್ದನೆಯ ಗರಗಸದ ಅಂಚಿನ ಎಲೆ ಬಂತು; ಶಾಡೋ ಬೇನಿ ಎಂಬ ಆ ಎಲೆ ಇಲ್ಲದ ಅಡುಗೆಮನೆ ಇಂದು ಆ ದ್ವೀಪದಲ್ಲಿ ಯಾವ ಜನಾಂಗದವರದ್ದೂ ಇಲ್ಲ. ಕರಿ ಪುಡಿಯಲ್ಲಿ ಅರಿಶಿನ, ಧನಿಯಾ, ಜೀರಿಗೆ, ಮೆಂತ್ಯ ಹೆಚ್ಚಾಗಿರುತ್ತವೆ, ಮೆಣಸಿನಕಾಯಿ ಇಲ್ಲವೆನ್ನುವಷ್ಟು ಕಡಿಮೆ. ಪುಡಿಯನ್ನು ನೀರಿನಲ್ಲಿ ಕಲಸಿ, ಬೆಳ್ಳುಳ್ಳಿ ಈರುಳ್ಳಿ ಹುರಿದ ಬಿಸಿ ಎಣ್ಣೆಗೆ ಸುರಿದು, ನೀರು ಆರಿ ಎಣ್ಣೆ ಬಿಡುವವರೆಗೆ ಹುರಿದ ಮೇಲೆಯೇ ತರಕಾರಿಯೋ ಮಾಂಸವೋ ಬೀಳುತ್ತದೆ. ಖಾರವನ್ನು ಪ್ರತ್ಯೇಕವಾಗಿ, ಹಸಿ ಮೆಣಸಿನಕಾಯಿಯ ಗೊಜ್ಜಿನಲ್ಲಿ, ಅವರವರ ಇಷ್ಟಕ್ಕೆ ಬಿಟ್ಟಿದ್ದಾರೆ. ಜೊತೆಗೆ ಆಫ್ರಿಕಾ ಮೂಲದ ನೆರೆಹೊರೆಯವರಿಂದ ಥೈಮ್ ಎಲೆ, ತೆಂಗಿನ ಹಾಲಿನ ಅಡುಗೆ, ಬೇಯಿಸಿದ ಗೆಡ್ಡೆ ಗೆಣಸಿನ ಊಟ ಇವರ ಮನೆಗೂ ಬಂದವು. ಇವರ ರೊಟ್ಟಿ ಅವರ ಮನೆಗೆ ಹೋಯಿತು. ಇಂದು ಡಬಲ್ಸ್ ಎಂಬ ಬೀದಿ ತಿಂಡಿಯ ಗಾಡಿಯ ಮುಂದೆ ನಿಂತವರಲ್ಲಿ ಯಾರ ಅಜ್ಜ ಯಾವ ಖಂಡದವರೆಂದು ನೋಡಿ ಹೇಳಲು ನಿಮಗೆ ಸಾಧ್ಯವಾಗುವುದಿಲ್ಲ.

ಆದ್ದರಿಂದ ಮರೆತಿದ್ದಾರೆ ಎಂಬ ಮಾತನ್ನು ನಾನು ಒಪ್ಪಲಾರೆ. ನೂರ ಎಂಬತ್ತು ವರ್ಷ ಒಂದು ದ್ವೀಪದಲ್ಲಿ ಬೆಳೆದ ಅಡುಗೆ ಅದು, ಅದಕ್ಕೆ ಅದರದೇ ಆದ ಸರಿ ತಪ್ಪುಗಳಿವೆ. ಕೆಟ್ಟ ಧಾಲ್‌ಪೂರಿ ಯಾವುದು, ಒಳ್ಳೆಯದು ಯಾವುದು ಎಂಬುದರ ಬಗ್ಗೆ ಅಲ್ಲಿನ ಜನ ಗಂಟೆಗಟ್ಟಲೆ ವಾದಿಸುತ್ತಾರೆ. ಮುಂದಿನ ಸಲ ಹೋದಾಗ ಅದರ ರುಚಿಯನ್ನು ಅದರ ಬಂಧುಗಳೊಂದಿಗೆ ಹೋಲಿಸಿ ನೋಡಿ: ಒಂದು ಅಂಗಡಿಯ ಕುಂಬಳಕಾಯಿಯನ್ನು ಇನ್ನೊಂದು ಅಂಗಡಿಯ ಕುಂಬಳಕಾಯಿಯೊಂದಿಗೆ. ಆಗ ನಿಮ್ಮ ಅಭಿಪ್ರಾಯ ಬದಲಾಗುತ್ತದೆಂದು ನನಗೆ ಭರವಸೆಯಿದೆ.

ಪ್ರಶ್ನೆ: ಡಬಲ್ಸ್ ತಿನ್ನದೆ ಬರಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಎಲ್ಲಿ, ಹೇಗೆ ಕೇಳಿ ಪಡೆಯಬೇಕು? ಖಾರ ತಡೆಯುವ ಶಕ್ತಿ ನನಗಿದೆ.

ಉತ್ತರ: ಅರಿಶಿನ ಹಾಕಿ ನಾದಿದ ಮೈದಾ ಹಿಟ್ಟನ್ನು ಯೀಸ್ಟ್‌ನಿಂದ ಉಬ್ಬಿಸಿ, ಅಂಗೈಯಗಲ ತಟ್ಟಿ ಎಣ್ಣೆಯಲ್ಲಿ ಕ್ಷಣಮಾತ್ರ ಕರಿದರೆ ಮೆತ್ತನೆಯ ಬಾರಾ ಆಗುತ್ತದೆ. ಅಂಥ ಎರಡು ಬಾರಾಗಳ ನಡುವೆ ಕಡಲೆಕಾಳಿನ ತೆಳು ಕರಿ, ಹುಣಿಸೆಯ ಸಿಹಿ ಚಟ್ನಿ, ಸೌತೆಕಾಯಿ, ಮಾವಿನಕಾಯಿಯ ಕುಚೇಲಾ ಉಪ್ಪಿನಕಾಯಿ ಮತ್ತು ಮೆಣಸಿನಕಾಯಿ ಗೊಜ್ಜು ಸೇರಿದರೆ ಅದೇ ಡಬಲ್ಸ್. 1930ರ ದಶಕದಲ್ಲಿ ದಕ್ಷಿಣದ ಪ್ರಿನ್ಸಸ್ ಟೌನ್ ಊರಿನ ದೀನ್ ಕುಟುಂಬದವರು ಇದನ್ನು ಮಾರಲು ಆರಂಭಿಸಿದರೆಂದು ಹೇಳುತ್ತಾರೆ.

ಇದು ಬೆಳಗಿನ ತಿಂಡಿ. ಗಾಡಿಗಳು ನಸುಕಿನಲ್ಲೇ ಬಂದು ನಿಲ್ಲುತ್ತವೆ, ಒಳ್ಳೆಯ ಗಾಡಿಯಲ್ಲಿ ಹತ್ತು ಗಂಟೆಗೆಲ್ಲ ಪಾತ್ರೆ ಖಾಲಿಯಾಗಿರುತ್ತದೆ. ಮತ್ತೆ ರಾತ್ರಿ ಹೊತ್ತು ಬೇರೆ ಗಾಡಿಗಳು ಕಾಣಿಸುತ್ತವೆ. ವಿಮಾನ ನಿಲ್ದಾಣದಿಂದ ಪೋರ್ಟ್ ಆಫ್ ಸ್ಪೇನ್ ಕಡೆಗೆ ಬರುವಾಗ ಸಿಗುವ ಕುರೆಪ್ ಜಂಕ್ಷನ್ ಡಬಲ್ಸಿಗೆ ಹೆಸರಾದದ್ದು. ಗಾಡಿಯವರು ಕೇಳುವುದು ಒಂದೇ ಮಾತು, ಖಾರ ಎಷ್ಟು ಎಂದು. ನೀವು ಎಷ್ಟೇ ಖಾರ ತಿನ್ನುವವರಾದರೂ ಮೊದಲ ಸಲ ‘ಸ್ಲೈಟ್’, ಅಂದರೆ ಸ್ವಲ್ಪವೇ, ಎಂದೇ ಹೇಳಿ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಟ್ರಿನಿಡಾಡಿನ ದಕ್ಷಿಣ ಕರಾವಳಿಯ ಮೊರುಗಾ ಊರಿನ ಹೆಸರು ಹೊತ್ತ ಸ್ಕಾರ್ಪಿಯನ್ ಮೆಣಸಿನಕಾಯಿಯನ್ನು 2012ರಲ್ಲಿ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರು ಅಳೆದಾಗ ಅದರ ಸರಾಸರಿ ಖಾರ, ಖಾರವನ್ನು ಅಳೆಯುವ ಸ್ಕೋವಿಲ್ ಮಾನದಲ್ಲಿ, ಹನ್ನೆರಡು ಲಕ್ಷವನ್ನು ದಾಟಿತ್ತು. ಗಾಡಿಗಳಲ್ಲಿ ಎಲ್ಲರೂ ಅದನ್ನೇ ಬಳಸುವುದಿಲ್ಲ, ಆದರೆ ಸಾಮಾನ್ಯವಾಗಿ ಬಳಸುವ ಕಾಯಿಗಳೂ ನಮ್ಮ ಹಸಿಮೆಣಸಿನಕಾಯಿಗಿಂತ ಬಹಳ ತೀಕ್ಷ್ಣ.

ಚಮಚ ಕೊಡುವುದಿಲ್ಲ. ಕಾಗದದ ಪೊಟ್ಟಣವನ್ನು ಅಂಗೈ ಮೇಲೆ ಬಿಚ್ಚಿ, ಬಾರಾದ ತುಂಡಿನಿಂದಲೇ ಕಾಳನ್ನು ಬಾಚಿಕೊಂಡು, ನಿಂತಲ್ಲೇ ತಿನ್ನಬೇಕು. ತಿಂದು ಮುಗಿಸಿದ ಮೇಲೆ ಎಷ್ಟು ತಿಂದಿರೆಂದು ನೀವೇ ಹೇಳಿ ದುಡ್ಡು ಕೊಡುವ ರೂಢಿ ಅನೇಕ ಗಾಡಿಗಳಲ್ಲಿದೆ, ಆ ನಂಬಿಕೆಯನ್ನು ಉಳಿಸಿಕೊಳ್ಳಿ.

ಕ್ರಿಕೆಟ್ ನೋಡಲು ಸ್ಯಾನ್ ಫೆರ್ನಾಂಡೊ ಬಳಿಯ ತರೂಬಾದಲ್ಲಿರುವ ಬ್ರಯನ್ ಲಾರಾ ಅಕಾಡೆಮಿಗೆ ಹೋಗುವವರು ಇನ್ನಷ್ಟು ದಕ್ಷಿಣಕ್ಕೆ ಡೇಬೆ ಊರಿನವರೆಗೂ ಹೋಗಿ ಬನ್ನಿ. ಅಲ್ಲಿ ಮುಖ್ಯ ರಸ್ತೆಯ ಬದಿಯಲ್ಲಿ ಸಾಲು ಅಂಗಡಿಗಳಿದ್ದು, ಡಬಲ್ಸ್ ಜೊತೆಗೆ ಬೇಳೆಹಿಟ್ಟಿನ ಫುಲೋರಿ, ಬದನೆಕಾಯಿಯ ಬೈಗನಿ, ಆಲೂ ಪೈ, ಕಚೋರಿ ಎಲ್ಲ ಬಿಸಿಬಿಸಿ ಸಿಗುತ್ತವೆ. ಅವುಗಳಲ್ಲಿ ಸಾಹಿನಾ ಎಂಬುದನ್ನು ಬಿಡಬೇಡಿ: ಕೆಸುವಿನ ಎಲೆಗೆ ಬೇಳೆ ಹಿಟ್ಟು ಸೇರಿಸಿ ಕರಿದು, ಮಧ್ಯೆ ಸೀಳಿ ಚಟ್ನಿ ತುಂಬಿ ಕೊಡುತ್ತಾರೆ, ಪತ್ರೊಡೆ ತಿಂದು ಬೆಳೆದವರ ನಾಲಿಗೆ ಅದನ್ನು ಮೊದಲ ತುತ್ತಿಗೇ ಗುರುತಿಸುತ್ತದೆ.

ಪ್ರಶ್ನೆ: ನಾನು ಮೀನು, ಮಾಂಸ ಎಲ್ಲ ತಿನ್ನುತ್ತೇನೆ. ಸಮಯ ಕಡಿಮೆಯಿದೆ. ಯಾವ ಊಟಗಳನ್ನು ತಪ್ಪಿಸಬಾರದು?

ಉತ್ತರ: ಪೋರ್ಟ್ ಆಫ್ ಸ್ಪೇನ್ ಬಂದರಿನ ಪಕ್ಕ, ರೈಟ್ಸನ್ ರಸ್ತೆಯಲ್ಲಿರುವ ಬ್ರೇಕ್‌ಫಾಸ್ಟ್ ಶೆಡ್‌ಗೆ ಒಂದು ಮಧ್ಯಾಹ್ನವನ್ನು ಮೀಸಲಿಡಿ. ಒಂದೇ ಸೂರಿನಡಿ ಅನೇಕ ಹೆಂಗಸರು ತಮ್ಮ ತಮ್ಮ ಮಳಿಗೆಯಲ್ಲಿ ಅಡುಗೆ ಮಾಡಿ ಬಡಿಸುತ್ತಾರೆ. ಮಸಾಲೆಯಲ್ಲಿ ಬೇಯಿಸಿದ ಮೀನು, ಕಲಾಲೂ, ಮ್ಯಾಕರೋನಿ ಪೈ, ಬೇಯಿಸಿದ ಮರಗೆಣಸು ಮತ್ತು ಕೆಸುವಿನ ಗೆಡ್ಡೆ ಇರುವ ಒಂದು ತಟ್ಟೆಯಲ್ಲಿ ಆ ದ್ವೀಪದ ಕ್ರಿಯೋಲ್ ಎಂದು ಕರೆಯುವ ಆಫ್ರಿಕಾ ಮೂಲದ ಅಡುಗೆಯ ಸಾರವೆಲ್ಲ ಸಿಗುತ್ತದೆ. ನನ್ನ ಮಟ್ಟಿಗೆ, ರಾಜಧಾನಿಯ ಯಾವ ದುಬಾರಿ ರೆಸ್ಟೋರೆಂಟಿನ ಊಟಕ್ಕಿಂತಲೂ ಈ ತಟ್ಟೆ ಹೆಚ್ಚಿನದು.

ಎರಡನೆಯದು ಉತ್ತರ ಕರಾವಳಿಯ ಮರಾಕಸ್ ಕೊಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ಹೋದರೆ ಸಮುದ್ರದ ದಡದಲ್ಲಿ ಬೇಕ್ ಅಂಡ್ ಶಾರ್ಕ್ ಮಾರುವ ಅಂಗಡಿಗಳಿವೆ. ಕರಿದ ಉಬ್ಬು ರೊಟ್ಟಿಯ ನಡುವೆ ಕರಿದ ಶಾರ್ಕ್ ಮೀನಿಟ್ಟು ಕೊಡುತ್ತಾರೆ, ಶಾಡೋ ಬೇನಿ ಚಟ್ನಿ, ಬೆಳ್ಳುಳ್ಳಿ ಗೊಜ್ಜು, ಹುಣಿಸೆ, ಅನಾನಸ್, ಕೋಸುಗಡ್ಡೆಗಳನ್ನು ಬೇಕಾದಷ್ಟು ನೀವೇ ಹಾಕಿಕೊಳ್ಳಬಹುದು. ಶಾರ್ಕ್‌ಗಳ ಸಂಖ್ಯೆ ಲೋಕದೆಲ್ಲೆಡೆ ಇಳಿಯುತ್ತಿರುವುದರಿಂದ ಬೇರೆ ಮೀನು ಇದೆಯೇ ಎಂದು ವಿಚಾರಿಸಿ ಅದನ್ನೇ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ರುಚಿಯ ಬಹುಪಾಲು ಆ ಚಟ್ನಿಗಳಲ್ಲಿಯೇ ಇದೆ. ಪಕ್ಕದ ಟೊಬೆಗೊ ದ್ವೀಪಕ್ಕೆ ಹೋಗಲಾದರೆ ಸ್ಟೋರ್ ಬೇ ಕಡಲತೀರದ ಅಂಗಡಿಗಳಲ್ಲಿ ಏಡಿ ಕರಿ ಮತ್ತು ಹಿಟ್ಟಿನ ಡಂಪ್ಲಿಂಗ್ ತಿನ್ನಿ. ಚಿಪ್ಪನ್ನು ಒಡೆದು ಹೀರಿ ತಿನ್ನಬೇಕಾಗುತ್ತದೆ, ಬಿಳಿ ಬಟ್ಟೆ ಬೇಡ.

ಪ್ರಶ್ನೆ: ಸಣ್ಣ ಊಟದ ಅಂಗಡಿಯೊಂದರಲ್ಲಿ ನಾನು ಒಳಗೆ ಹೋಗಿ ನೇರವಾಗಿ ಬೇಕಾದ್ದನ್ನು ಕೇಳಿದಾಗ ಮಾರುವಾಕೆ ಉತ್ತರಿಸದೆ ಮುಖ ಬಿಗಿದುಕೊಂಡರು. ಪ್ರವಾಸಿಗರನ್ನು ಕಂಡರೆ ಅವರಿಗೆ ಆಗದೇ?

ಉತ್ತರ: ಹಾಗಲ್ಲ. ನೀವು ನಮಸ್ಕಾರ ಹೇಳಲಿಲ್ಲ. ಟ್ರಿನಿಡಾಡಿನಲ್ಲಿ ಅಂಗಡಿಗೆ ಕಾಲಿಟ್ಟವರು ಮೊದಲು ‘ಗುಡ್ ಮಾರ್ನಿಂಗ್’ ಅಥವಾ ‘ಗುಡ್ ಆಫ್ಟರ್‌ನೂನ್’ ಎನ್ನಬೇಕು, ಅಲ್ಲಿರುವ ಇತರ ಗಿರಾಕಿಗಳಿಗೂ ಸೇರಿಸಿ. ಕತ್ತಲಾದ ಮೇಲೆ ಬಂದ ಕೂಡಲೇ ‘ಗುಡ್ ನೈಟ್’ ಎನ್ನುವುದು ಅಲ್ಲಿನ ರೀತಿ. ಇದನ್ನು ಹೇಳದೆ ವ್ಯವಹಾರ ಶುರು ಮಾಡುವವರನ್ನು ಸಂಸ್ಕಾರವಿಲ್ಲದವರೆಂದು ಎಣಿಸುತ್ತಾರೆ. ಹೇಳಿ ನೋಡಿ, ಅದೇ ಮಹಿಳೆ ಯಾವ ಪಾತ್ರೆಯ ಅಡುಗೆ ಇಂದು ಚೆನ್ನಾಗಿದೆ ಎಂಬುದನ್ನೂ ತಾವಾಗಿಯೇ ತಿಳಿಸಿಯಾರು.

ಪ್ರಶ್ನೆ: ಬಿಲ್ಲಿನ ಮೇಲೆ ಟಿಪ್ಸ್ ಎಷ್ಟು ಕೊಡಬೇಕು? ಅಮೆರಿಕದ ಡಾಲರ್ ನಡೆಯುತ್ತದೆಯೇ?

ಉತ್ತರ: ಅಲ್ಲಿನ ಹಣ ಟ್ರಿನಿಡಾಡ್ ಮತ್ತು ಟೊಬೆಗೊ ಡಾಲರ್, ಅಮೆರಿಕದ ಒಂದು ಡಾಲರಿಗೆ ಅವರ ಆರೂ ಮುಕ್ಕಾಲರ ಆಸುಪಾಸು ಸಿಗುತ್ತದೆ. ಪಟ್ಟಿಯಲ್ಲಿರುವ ಬೆಲೆ ಯಾವ ಡಾಲರಿನದೆಂದು ಸಂದೇಹವಾದರೆ ಕೇಳಿಬಿಡಿ. ಕುಳಿತು ಊಟ ಮಾಡುವ ರೆಸ್ಟೋರೆಂಟುಗಳಲ್ಲಿ 12.5 ಶೇಕಡಾ ಮೌಲ್ಯವರ್ಧಿತ ತೆರಿಗೆಯ ಜೊತೆಗೆ ಸೇವಾ ಶುಲ್ಕವೆಂದು 10 ಶೇಕಡಾ ಸೇರಿಸುವುದು ಸಾಮಾನ್ಯ. ಸೇರಿಸಿದ್ದರೆ ಬೇರೆ ಟಿಪ್ಸ್ ಅಗತ್ಯವಿಲ್ಲ, ಸೇರಿಸದಿದ್ದರೆ ಅಷ್ಟನ್ನೇ ಕೊಡಿ. ಗಾಡಿಗಳಲ್ಲಿ ಟಿಪ್ಸ್ ಇಲ್ಲ, ಆದರೆ ಚಿಲ್ಲರೆ ನೋಟುಗಳಿರಲಿ. ಐದು ಹತ್ತರ ವ್ಯಾಪಾರಕ್ಕೆ ನೂರರ ನೋಟು ಚಾಚಿದರೆ ಹಿಂದೆ ನಿಂತವರೆಲ್ಲ ಕಾಯಬೇಕಾಗುತ್ತದೆ.

ಪ್ರಶ್ನೆ: ಭಾನುವಾರ ಮಧ್ಯಾಹ್ನ ಊಟಕ್ಕೆ ಅಲೆದು ಅಲೆದು ಸುಸ್ತಾದೆವು, ಎಲ್ಲ ಬಾಗಿಲು ಮುಚ್ಚಿತ್ತು. ಇದು ಯಾವಾಗಲೂ ಹೀಗೆಯೇ?

ಉತ್ತರ: ಹೌದು, ಭಾನುವಾರದ ಮಧ್ಯಾಹ್ನದೂಟ ಅಲ್ಲಿ ಮನೆಯಲ್ಲಿ ಎಲ್ಲರೂ ಕೂಡಿ ಮಾಡುವಂಥದ್ದು. ಬೆಳಿಗ್ಗೆ ಡಬಲ್ಸ್ ಸಿಗುತ್ತದೆ, ಆಮೇಲೆ ಸಣ್ಣ ಅಂಗಡಿಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಆ ದಿನ ಮರಾಕಸ್ ಕಡೆಗೆ ಹೋಗುವುದು ಜಾಣತನ, ದಡದ ಅಂಗಡಿಗಳು ತೆರೆದಿರುತ್ತವೆ. ಇನ್ನು ಕ್ರೈಸ್ತರ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ, ಮಂಗಳವಾರ ಕಾರ್ನಿವಲ್. ಆ ಎರಡು ದಿನ ನಗರದ ರಸ್ತೆಗಳು ಮೆರವಣಿಗೆಗೆ ಮೀಸಲಾಗುವುದರಿಂದ ಬೀದಿಬದಿಯ ತಿಂಡಿಯನ್ನು ನಂಬಿಕೊಳ್ಳಿ, ಟೇಬಲ್ ಕಾದಿರಿಸುವ ಯೋಚನೆ ಬಿಡಿ. ಉಳಿದ ದಿನಗಳ ಸಂಜೆಗೆ ವುಡ್‌ಬ್ರೂಕ್ ಬಡಾವಣೆಯ ಅರಿಯಪಿಟಾ ಅವೆನ್ಯೂ ಮತ್ತು ಸೇಂಟ್ ಜೇಮ್ಸ್‌ನ ವೆಸ್ಟರ್ನ್ ಮೇನ್ ರೋಡ್ ಜನನಿಬಿಡವಾಗಿದ್ದು ತಿನ್ನಲು ಅನುಕೂಲವಾಗಿವೆ. ರಾಜಧಾನಿಯ ಕೆಲವು ಭಾಗಗಳಲ್ಲಿ ರಾತ್ರಿ ಹೊತ್ತು ಅಪರಾಧದ ಭಯವಿರುವುದರಿಂದ, ನಡೆದುಕೊಂಡು ಮರಳುವ ಬದಲು ಉಳಿದುಕೊಂಡಿರುವ ಕಡೆಯವರಿಂದಲೇ ಟ್ಯಾಕ್ಸಿ ಗೊತ್ತುಮಾಡಿಸಿಕೊಳ್ಳಿ.

ಪ್ರಶ್ನೆ: ದೀಪಾವಳಿಯ ಸಮಯಕ್ಕೆ ಅಲ್ಲಿರುತ್ತೇವೆ. ಹಬ್ಬದ ಊಟ ಹೊರಗಿನವರಿಗೆ ಎಲ್ಲಾದರೂ ಸಿಗುತ್ತದೆಯೇ?

ಉತ್ತರ: ದೀಪಾವಳಿ ಅಲ್ಲಿ 1966ರಿಂದ ಸರಕಾರಿ ರಜೆಯ ಹಬ್ಬ. ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ಚಗ್ವಾನಸ್ ಬಳಿ ದಿವಾಲಿ ನಗರ್ ಎಂಬ ದೊಡ್ಡ ಮೇಳ ನಡೆಯುತ್ತದೆ, ಇದು 1986ರಲ್ಲಿ ಆರಂಭವಾದದ್ದು. ಮಾಂಸ, ಮದ್ಯ ಎರಡಕ್ಕೂ ಅಲ್ಲಿ ಪ್ರವೇಶವಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ಕೇಳಿದ ಸಹೋದರಿಯ ಅತ್ತೆಯವರೂ ಅಲ್ಲಿ ಯಾವ ವಿಚಾರಣೆಯೂ ಇಲ್ಲದೆ ನೆಮ್ಮದಿಯಾಗಿ ತಿನ್ನಬಹುದು. ಕಣ್ಣೆದುರೇ ರೊಟ್ಟಿ ಬೇಯುತ್ತದೆ, ಹಬ್ಬದ ಸಿಹಿತಿಂಡಿಗಳೂ ಇರುತ್ತವೆ. ಅಲ್ಲಿನ ಪರಿಚಿತರು ಪೂಜೆಗೋ ಮದುವೆಗೋ ಮನೆಗೆ ಕರೆದರೆ ಖಂಡಿತ ಹೋಗಿ. ಸೊಹಾರಿ ಎಂಬ ಅಗಲವಾದ ಎಲೆಯ ಮೇಲೆ ಅನ್ನ, ಬೇಳೆ, ಪರಾಟ, ಕುಂಬಳಕಾಯಿ, ಮಾವಿನಕಾಯಿ, ಶಟೈನ್ ಎಲ್ಲವನ್ನೂ ಬಡಿಸುತ್ತಾರೆ, ಕೈಯಿಂದಲೇ ಉಣ್ಣಬೇಕು. ಮೇಳಕ್ಕೆ ಸಂಜೆ ಬೇಗನೆ ಹೊರಡಿ, ಏಕೆಂದರೆ ಕತ್ತಲಾದ ಮೇಲೆ ಚಗ್ವಾನಸ್ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ.